ಮೂರರಲ್ಲಿ ಸಣ್ಣದು

ಆ ಪತ್ರ ಬಂದ ದಿನ ನಾನು ಮೊದಲು ಅನುಮಾನಿಸಿದ್ದು ಯಂತ್ರವನ್ನು.

ಮಧ್ಯಾಹ್ನದ ಊಟ ಮುಗಿಸಿ ಕಂಪ್ಯೂಟರ್ ತೆರೆದಿದ್ದೆ. ಕೋತಗಿರಿಯ ನಮ್ಮ ಸ್ಕ್ಯಾನ್ ಕೇಂದ್ರದ ಅಳತೆಗಳನ್ನು ವರ್ಷಕ್ಕೊಮ್ಮೆ ಹೊರಗಿನ ಸಂಸ್ಥೆಯೊಂದು ಪರಿಶೀಲಿಸುತ್ತದೆ. ನಾವು ಕಳಿಸಿದ ಚಿತ್ರಗಳನ್ನೂ ಅಂಕಿಗಳನ್ನೂ ನೋಡಿ ಅವರು ನಾಲ್ಕು ಸಾಲು ಬರೆದಿದ್ದರು. ಚಿತ್ರಗಳು ಚೆನ್ನಾಗಿವೆ. ಆದರೆ ನಿಮ್ಮ ಅಳತೆಗಳು ಒಟ್ಟಾರೆ ಇರಬೇಕಾದುದಕ್ಕಿಂತ ಕಡಿಮೆ ಬರುತ್ತಿವೆ. ಕಾರಣ ಹುಡುಕಿ ತಿಳಿಸಿ. ಅಷ್ಟೇ.

ಯಾವ ಅಳತೆ ಎಂದು ಹೇಳಬೇಕು. ಬಸುರಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಮಗುವಿನ ಕತ್ತಿನ ಹಿಂದೆ, ಚರ್ಮದ ಕೆಳಗೆ, ತುಸು ನೀರು ನಿಂತಿರುತ್ತದೆ. ಸ್ಕ್ಯಾನಿನಲ್ಲಿ ಅದು ಎರಡು ಬಿಳಿ ಗೆರೆಗಳ ನಡುವಿನ ಕಪ್ಪು ಪಟ್ಟಿ. ಎಲ್ಲ ಮಕ್ಕಳಿಗೂ ಇರುತ್ತದೆ, ಮುಂದೆ ತಾನಾಗಿಯೇ ಇಂಗುತ್ತದೆ. ಆದರೆ ಆ ಪಟ್ಟಿ ದಪ್ಪಗಿದ್ದರೆ ಮಗುವಿನ ವರ್ಣತಂತುಗಳಲ್ಲೋ ಹೃದಯದಲ್ಲೋ ತೊಂದರೆ ಇರಬಹುದೆಂಬ ಸೂಚನೆ. ನಾವು ಅಳೆಯುವುದು ಆ ದಪ್ಪವನ್ನು. ಹೆಚ್ಚಿನ ಮಕ್ಕಳಲ್ಲಿ ಒಂದು ರಾಗಿಕಾಳಿನಷ್ಟು. ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಮಗು ಪಕ್ಕಕ್ಕೆ ತಿರುಗಿರಬೇಕು, ಗಲ್ಲ ಎದೆಗೆ ಒತ್ತಿರಬಾರದು, ಕತ್ತು ಹಿಂದಕ್ಕೆ ಬಾಗಿರಬಾರದು. ಅಂಥ ಸರಿಯಾದ ಚಿತ್ರ ಮೂರು ತೆಗೆದು, ಮೂರರಲ್ಲೂ ಅಳೆದು, ದೊಡ್ಡದನ್ನು ಬರೆಯಬೇಕು. ಅದು ನಿಯಮ.

ಯಂತ್ರ ಕೆಟ್ಟಿದೆ ಎಂದುಕೊಂಡೆ. ಕೊಯಮತ್ತೂರಿನಿಂದ ಇಂಜಿನಿಯರ್ ಬಂದ. ಒಳಗೆ ದಾರಗಳನ್ನು ಗೊತ್ತಾದ ಅಂತರದಲ್ಲಿ ಕೂರಿಸಿದ ಒಂದು ಪೆಟ್ಟಿಗೆ ತಂದಿದ್ದ. ಅದರ ಮೇಲೆ ಯಂತ್ರದ ಮೂತಿ ಇಟ್ಟು ಅಳೆದ. ಎಲ್ಲ ಸರಿಯಾಗಿ ಬಂತು. ಅವನ ಮೇಲೂ ನನಗೆ ನಂಬಿಕೆ ಬರಲಿಲ್ಲ. ಚಹಾ ಕುಡಿದದ್ದೇ ಹೆಚ್ಚು, ನೋಡಿದ್ದು ಕಡಿಮೆ ಅನ್ನಿಸಿ ಇನ್ನೊಮ್ಮೆ ಅಳೆಯಿಸಿದೆ. ಮತ್ತೆ ಸರಿಯಾಗಿಯೇ ಬಂತು.

ಯಂತ್ರ ಸರಿಯಿದ್ದರೆ ಉಳಿದದ್ದು ಎರಡು ಕೈ. ಒಂದು ನನ್ನದು. ಇನ್ನೊಂದು ಮಂಗಳವಾರ, ಶುಕ್ರವಾರ ಊಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯ ಡಾಕ್ಟರದ್ದು. ನಮ್ಮಿಬ್ಬರ ಅಳತೆಗಳೂ ಒಂದೇ ಕೇಂದ್ರದ ಹೆಸರಿನಲ್ಲಿ ಹೋಗುತ್ತಿದ್ದವು. ಯಾರದು ಯಾವುದೆಂದು ಸಂಸ್ಥೆಗೆ ಗೊತ್ತಿರಲಿಲ್ಲ. ನನಗಂತೂ ಗೊತ್ತಿದೆ ಎಂದುಕೊಂಡೆ.

ಅವರು ಗುಂಡ್ಲುಪೇಟೆ ಕಡೆಯವರು. ಸರ್ಕಾರಿ ಕೆಲಸಕ್ಕೆಂದು ಬೆಟ್ಟ ಹತ್ತಿದವರು ನಿವೃತ್ತಿಯಾದ ಮೇಲೂ ಇಳಿದಿರಲಿಲ್ಲ. ಎಪ್ಪತ್ತು ದಾಟಿತ್ತು. ಕನ್ನಡಕದ ಮೇಲೊಂದು ಕನ್ನಡಕ ಏರಿಸಿ ಪರದೆ ನೋಡುತ್ತಿದ್ದರು. ಬೆಳಿಗ್ಗೆ ಚಳಿಗೆ ಅವರ ಕೈ ಸಣ್ಣಗೆ ನಡುಗುವುದನ್ನು ನಾನು ಕಂಡಿದ್ದೆ. ಬಸುರಿಯರ ಜೊತೆ ಮಳೆ, ಚಹಾ ಎಲೆ ಫ್ಯಾಕ್ಟರಿ, ಕಾಡೆಮ್ಮೆ ಎಂದು ಮಾತು ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ನಡುವೆ "ಎದ್ದು ಬಸ್ ಸ್ಟ್ಯಾಂಡ್ ತನಕ ನಡ್ಕೊಂಡು ಬಾರವ್ವ" ಎಂದು ಅವರನ್ನು ಹೊರಗೆ ಕಳಿಸಿ, ತಾವು ಕಿಟಕಿಯ ಬಳಿ ನಿಂತಿರುತ್ತಿದ್ದರು. ಸೋಮಾರಿತನ ಎಂದು ನಾನು ಲೆಕ್ಕ ಹಾಕಿದ್ದೆ.

ಇನ್ನು ನಾನು. ಕೂಕಲ್ತೊರೈ ಹಳ್ಳಿಯವಳು, ಈ ಬೆಟ್ಟದ ಬಡಗರ ಮನೆಯವಳು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಬಂದವಳು. ಬರೆಯಲು ಕನ್ನಡ ಕೈಗೆ ಹತ್ತಿದ್ದು ಅಲ್ಲಿಯೇ. ಈ ಅಳತೆಗೆಂದೇ ಬೇರೆ ತರಬೇತಿ ಪಡೆದಿದ್ದೆ, ಪರೀಕ್ಷೆ ಪಾಸು ಮಾಡಿದ್ದೆ. ಪ್ರಮಾಣಪತ್ರ ಗೋಡೆಯ ಮೇಲಿತ್ತು. ತಪ್ಪು ನನ್ನದಿರಬಹುದೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ.

ಮುಂದಿನ ಮಂಗಳವಾರ ಏನೋ ನೆಪ ಹೇಳಿ ಅವರ ಕೋಣೆಯಲ್ಲಿ ಕುಳಿತೆ. ರಿಪೋರ್ಟ್ ಓದುವವಳಂತೆ ಕಾಗದ ಹಿಡಿದು ಅವರ ಕೈ ನೋಡಿದೆ. ಅವರಿಗೆ ಗೊತ್ತಾಯಿತೋ ಇಲ್ಲವೋ, ಹೇಳಲಾರೆ. ಶುಕ್ರವಾರವೂ ಕುಳಿತೆ. ಕಣ್ಣಿಗೆ ಬಿದ್ದದ್ದು ಸಾಲಲಿಲ್ಲ. ಅವರು ಬಾರದ ಬುಧವಾರ ಬೆಳಿಗ್ಗೆ ಬೇಗ ಬಂದು ಯಂತ್ರದಲ್ಲಿ ಉಳಿದಿದ್ದ ಅವರ ಹಳೆಯ ಚಿತ್ರಗಳನ್ನು ತೆರೆದೆ. ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಗಡೆ ಅವರು ಬರೆದದ್ದು, ಬಲಗಡೆ ನಾನು ಅಳೆದದ್ದು.

ಎರಡೂ ಸರಿಹೊಂದುತ್ತಿದ್ದವು. ಮೂರು ಚಿತ್ರ, ಮೂರರಲ್ಲಿ ದೊಡ್ಡದು, ಅದೇ ರಿಪೋರ್ಟಿನಲ್ಲಿ. ಒಂದಾದ ಮೇಲೊಂದು ಹೀಗೇ ಬಂದಂತೆ ನನಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ಕೊನೆಗೊಂದು ಸಿಕ್ಕಿತು. ಮಗುವಿನ ಗಲ್ಲ ಎದೆಗೆ ಒತ್ತಿದ್ದ ಚಿತ್ರ. ಅದನ್ನು ಅಳೆಯಲೇಬಾರದಿತ್ತು, ಅವರು ಅಳೆದಿದ್ದರು. ನನಗೆ ಖುಷಿಯಾಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಖುಷಿಯೇ. ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದೆ.

ಒಂದು ತಪ್ಪಿನಿಂದ ಇಡೀ ಕೇಂದ್ರದ ಅಳತೆ ತಗ್ಗುವುದಿಲ್ಲವೆಂದು ಒಳಗೆ ಗೊತ್ತಿತ್ತು. ಹಾಗಾಗಿ ಅನುಮಾನ ನಮ್ಮ ನರ್ಸ್ ಕಡೆಗೆ ತಿರುಗಿತು. ನಾವು ಬಾಯಲ್ಲಿ ಹೇಳಿದ ಅಂಕಿಯನ್ನು ರಿಪೋರ್ಟಿಗೆ ಟೈಪ್ ಹೊಡೆಯುತ್ತಿದ್ದವರು ಅವರು. ನನಗಿಂತ ಹತ್ತು ವರ್ಷ ದೊಡ್ಡವರು, ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಊಟಕ್ಕೆ ಹೋದಾಗ ಅವರು ಹೊಡೆದ ರಿಪೋರ್ಟುಗಳನ್ನು ಪರದೆಯ ಅಂಕಿಗಳಿಗೆ ಹೋಲಿಸಿದೆ. ಹತ್ತನೇ ಒಂದರಷ್ಟೂ ವ್ಯತ್ಯಾಸವಿರಲಿಲ್ಲ.

ಆ ಶುಕ್ರವಾರ ನಾನು ಬರುವಷ್ಟರಲ್ಲಿ ಹಿರಿಯ ಡಾಕ್ಟರು ಬಂದಿದ್ದರು. ನನ್ನ ನೋಟ್‌ಬುಕ್ ಯಂತ್ರದ ಪಕ್ಕದಲ್ಲೇ ಉಳಿದುಬಿಟ್ಟಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಎರಡು ಗೆರೆ ಎಳೆದ ಪುಟ ತೆರೆದಿತ್ತು.

"ಇದು ತಪ್ಪೇ ಕಣವ್ವ," ಎಂದರು. "ಅವತ್ತು ಬಸ್ಸಿಗೆ ಹೊತ್ತಾಯ್ತು ಅಂತ ಅವಸರ ಮಾಡ್ದೆ. ಆ ಹುಡುಗೀನ ಇನ್ನೊಂದ್ಸಲ ನಡ್ಕೊಂಡು ಬಾ ಅನ್ಬೇಕಿತ್ತು. ನಡದ್ರೆ ಮಗು ಕತ್ತು ಎತ್ತತದೆ."

ಬಸ್ ಸ್ಟ್ಯಾಂಡಿನವರೆಗೆ ಯಾಕೆ ಕಳಿಸುತ್ತಿದ್ದರೆಂದು ಆಗ ತಿಳಿಯಿತು.

"ನಂದು ನೋಡಾಯ್ತಲ್ಲ. ಈಗ ನಿಂದು ತಗಿ."

"ನನ್ನದು ಏನು ನೋಡೋದು ಸರ್?"

"ಇಬ್ರೇ ಅಲ್ವ ಇರದು?" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನರ್ಸ್ ಅಕ್ಕನನ್ನು ಕರೆದು ಪ್ಲಾಸ್ಟರ್ ತರಿಸಿದರು. ಅಳತೆಯ ಅಂಕಿ ಮೂಡುವುದು ಪರದೆಯ ಬಲಮೂಲೆಯಲ್ಲಿ. ಅಲ್ಲಿ ಒಂದು ತುಂಡು ಅಂಟಿಸಿದರು. ಅಳತೆಯ ಗುರುತು ಹಾಕದ ಖಾಲಿ ಚಿತ್ರವನ್ನೂ ಯಂತ್ರ ಉಳಿಸಿಕೊಂಡಿರುತ್ತದೆ. ನನ್ನ ಖಾಲಿ ಚಿತ್ರಗಳನ್ನು ತೆರೆದು ಮೊದಲು ಅವರು ಅಳೆಯುವುದು, ಆಮೇಲೆ ನಾನು. ಇಬ್ಬರಿಗೂ ಅಂಕಿ ಕಾಣಿಸುವುದಿಲ್ಲ. ಅಕ್ಕ ಮಾತ್ರ ಪ್ಲಾಸ್ಟರಿನ ತುದಿ ಎತ್ತಿ ನೋಡಿ ಬರೆದುಕೊಳ್ಳುವುದು. ಅವತ್ತು ಮಂಜು ಇಳಿದು ಕಾಯುವ ಕೋಣೆಯಲ್ಲಿ ಹೆಚ್ಚು ಜನರಿರಲಿಲ್ಲ. ಮಧ್ಯಾಹ್ನದವರೆಗೆ ಅಳೆದೆವು. ಆಮೇಲೆ ಅವರು ಪ್ಲಾಸ್ಟರ್ ಕಿತ್ತು, ಅಕ್ಕನ ಹಾಳೆಯನ್ನು ನನ್ನ ರಿಪೋರ್ಟುಗಳ ಪಕ್ಕದಲ್ಲಿಟ್ಟರು.

ಅವರದೂ ನನ್ನದೂ ಹತ್ತಿರ ಹತ್ತಿರ ಇದ್ದವು. ನಾನು ಹಿಂದೆ ಬರೆದಿದ್ದ ರಿಪೋರ್ಟು ಮಾತ್ರ ಎರಡಕ್ಕಿಂತಲೂ ಕೆಳಗಿತ್ತು. ಒಂದರಲ್ಲಲ್ಲ, ಪುಟದಿಂದ ಪುಟಕ್ಕೆ. ಒಬ್ಬ ಬಸುರಿಯ ಮೂರು ಚಿತ್ರದಲ್ಲಿ ಎರಡು ಪಾಯಿಂಟ್ ಒಂಬತ್ತು, ಎರಡೂವರೆ, ಎರಡು ಪಾಯಿಂಟ್ ಎರಡು ಬಂದಿತ್ತು. ರಿಪೋರ್ಟಿನಲ್ಲಿ ನಾನು ಬರೆಸಿದ್ದು ಎರಡು ಪಾಯಿಂಟ್ ಎರಡು.

"ಮೊದಲನೇ ಚಿತ್ರ ಸರಿ ಇಲ್ಲ ಅನ್ನಿಸಿರಬೇಕು," ಎಂದೆ.

"ಏನು ಸರಿ ಇಲ್ಲ? ತೋರ್ಸು."

ತೋರಿಸಲು ಏನೂ ಇರಲಿಲ್ಲ. ಮೂರರಲ್ಲಿ ಅದೇ ಚೆನ್ನಾಗಿತ್ತು. ಮೂರನೆಯದರಲ್ಲಿ ಬೆಳಕು ಏರಿಸಿದ್ದೆ. ಬಿಳಿ ಗೆರೆಗಳು ಉಬ್ಬಿ ನಡುವಿನ ಕಪ್ಪು ಸಣ್ಣದಾಗಿತ್ತು.

ನರ್ಸ್ ಅಕ್ಕ ಹಾಳೆಯನ್ನೇ ನೋಡುತ್ತ ಹೇಳಿದರು: "ಮೇಡಂ, ನೀವು ಕಡೇದನ್ನೇ ಬರಿ ಎಂಬಿರಿ. ನಾ ಒಂದು ಸಲ ಕೇಳಿದೆ, ಮೊದಲ್ದು ದೊಡ್ಡದು ಇತ್ತಲ್ಲ ಎಂದು. 'ಇಲ್ಲೆ ಅಕ್ಕ, ಇದೇ ಸರಿ' ಎಂದಿರಿ. ಮತ್ತೆ ನಾ ಕೇಳಲಿಲ್ಲೆ."

ನನಗೆ ಅದು ನೆನಪೇ ಇರಲಿಲ್ಲ. ಸುಳ್ಳು ಹೇಳುತ್ತಿದ್ದಾರೆ ಎಂದೂ ಕ್ಷಣಕಾಲ ಅನ್ನಿಸಿತು.

"ಯಾವತ್ತಿಂದ ಹಿಂಗೆ?" ಎಂದು ಹಿರಿಯರು ಕೇಳಿದರು. ಹಿಂದಕ್ಕೆ ಹಿಂದಕ್ಕೆ ಹೋದೆವು. ಹೋದ ವರ್ಷದ ಮಳೆಗಾಲದವರೆಗೆ ನಾನು ಬರೆಸಿದ್ದೆಲ್ಲ ದೊಡ್ಡ ಅಂಕಿಯೇ. ಆ ಮಳೆಗಾಲದ ನಡುವೆ ಒಂದು ವಾರದಿಂದ ಈಚೆಗೆ ಸಣ್ಣದು. ಆ ವಾರ ಯಾವುದೆಂದು ನನಗೆ ಕ್ಯಾಲೆಂಡರ್ ನೋಡದೆಯೇ ಗೊತ್ತಿತ್ತು.

ಕಟ್ಟಬೆಟ್ಟುವಿನಿಂದ ಒಬ್ಬಳು ಬರುತ್ತಿದ್ದಳು. ಚಹಾ ಎಲೆ ಕೊಯ್ದು ಕೊಯ್ದು ಬೆರಳ ತುದಿ ಕಪ್ಪಾಗಿದ್ದ ಹೆಂಗಸು, ಮೊದಲ ಬಸುರು. ಅವಳ ಮಗುವಿನ ಕತ್ತಿನ ಅಳತೆ ಮೂರು ಪಾಯಿಂಟ್ ನಾಲ್ಕು ಬಂತು. ಬರೆದೆ. ಕೊಯಮತ್ತೂರಿಗೆ ಕಳಿಸಿದೆ. ಅಲ್ಲಿ ಸೂಜಿ ಚುಚ್ಚಿ ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿದರು. ಅದರ ಫಲಿತಾಂಶ ಬರುವ ಮೊದಲೇ ನೀರು ಸೋರಿತು, ಮಗು ಹೋಯಿತು. ಆಮೇಲೆ ಬಂದ ಕಾಗದದಲ್ಲಿ ಮಗುವಿಗೆ ಏನೂ ತೊಂದರೆಯಿರಲಿಲ್ಲ ಎಂದಿತ್ತು. ಸೂಜಿಯಿಂದ ಹಾಗಾಗುವುದು ಬಹಳ ಅಪರೂಪ. ಸೂಜಿಯಿಂದಲೇ ಆಯಿತೆಂದು ಹೇಳಲೂ ಬರುವುದಿಲ್ಲ. ಅವಳ ತಾಯಿ ಒಬ್ಬಳೇ ನನ್ನ ಕೋಣೆಗೆ ಬಂದಳು. ಕೂಗಲಿಲ್ಲ, ಅಳಲಿಲ್ಲ. ತಲೆಗೆ ಕಟ್ಟಿದ ಬಿಳಿ ಬಟ್ಟೆ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತು ಕೇಳಿದಳು:

"ನೀ ಅಳೆದದ್ದು ಸರಿಯಾ, ಡಾಕ್ಟರಮ್ಮ?"

"ಸರಿಯೇ ಅವ್ವೆ," ಎಂದೆ.

ಸರಿಯೇ ಇತ್ತು. ಆ ಚಿತ್ರವನ್ನು ನಾನು ಎಷ್ಟು ಸಲ ತೆರೆದು ನೋಡಿದ್ದೇನೋ. ಪ್ರತಿ ಸಲವೂ ಮೂರು ಪಾಯಿಂಟ್ ನಾಲ್ಕೇ. ಆದರೆ ಅವಳು ಹೋದ ಮೇಲೆ ನನ್ನ ಕೈ ನನಗೆ ತಿಳಿಯದ ಹಾಗೆ ಬೇರೆ ದಾರಿ ಹಿಡಿದಿತ್ತು. ದೊಡ್ಡ ಅಂಕಿ ಬಂದರೆ ಇನ್ನೊಂದು ಚಿತ್ರ ತೆಗೆಯುತ್ತಿತ್ತು. ಸಣ್ಣದು ಬಂದ ಮೇಲೆ ಅಲ್ಲಿ ನಿಲ್ಲುತ್ತಿತ್ತು.

ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಅವರು ಸಮಾಧಾನದ ಮಾತಾಡಲಿಲ್ಲ. "ಇದ ಬರೆದು ಕಳ್ಸು ಅವ್ರಿಗೆ," ಎಂದರು. "ಆದ್ರೆ ಮೊದ್ಲು ಇವ್ರೆಲ್ಲಾರ್ದೂ ಲೆಕ್ಕ ತಿರ್ಗ ಹಾಕ್ಸು."

ಮಳೆಗಾಲದಿಂದ ಈಚೆಗಿನ ಎಲ್ಲ ಬಸುರಿಯರ ದೊಡ್ಡ ಅಂಕಿಯನ್ನು ಲ್ಯಾಬಿಗೆ ಮತ್ತೆ ಕೊಟ್ಟೆ. ಈ ಅಂಕಿ, ತಾಯಿಯ ರಕ್ತದ ಪರೀಕ್ಷೆ, ಅವಳ ವಯಸ್ಸು, ಮೂರನ್ನೂ ಸೇರಿಸಿ ಅವರು ಅಪಾಯದ ಲೆಕ್ಕ ಹಾಕುತ್ತಾರೆ. ಉಳಿದವರದೆಲ್ಲ ದೊಡ್ಡ ಅಂಕಿ ಹಾಕಿದರೂ ಗಡಿಯ ಈಚೆಗೇ ಉಳಿಯಿತು. ಆ ಎರಡು ಪಾಯಿಂಟ್ ಒಂಬತ್ತರವಳದು ಮಾತ್ರ ದಾಟಿತು. ಅರವಂಕಾಡಿನವಳು, ಗಂಡ ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವಳಿಗೆ ಆಗ ನಾಲ್ಕೂವರೆ ತಿಂಗಳಾಗಿತ್ತು. ಅವಳಿಗೆ ನಾನು ಕೊಟ್ಟ ಕಾಗದದಲ್ಲಿ ಎಲ್ಲ ಚೆನ್ನಾಗಿದೆ ಎಂದಿತ್ತು.

ಫೋನ್ ಮಾಡಿ ಬರಹೇಳಿದೆ. ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆ ಕುರ್ಚಿಯ ಮೇಲೆ ಕೂರಲಿಲ್ಲ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಕೇಳಬಾರದು ಎಂಬ ಸರ್ಕಾರದ ಬೋರ್ಡು ಗೋಡೆಯ ಮೇಲಿತ್ತು. ಅದನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಅಂದು ಒಳ್ಳೇದು ಎಂದೆ. ಇಂದು ಏಕ ಕರೆದೆ?"

ಸುಳ್ಳೊಂದನ್ನು ನಾನು ಸಿದ್ಧ ಮಾಡಿಕೊಂಡಿದ್ದೆ. ಯಂತ್ರ ಕೆಟ್ಟಿತ್ತು, ಈಗ ರಿಪೇರಿಯಾಗಿದೆ, ಅದಕ್ಕೇ ಎಲ್ಲರನ್ನೂ ಕರೆಯುತ್ತಿದ್ದೇವೆ ಎಂದು. ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ. ಹಿರಿಯ ಡಾಕ್ಟರು ಮೂಲೆಯಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದರು.

"ಯಂತ್ರ..." ಎಂದು ಶುರು ಮಾಡಿದೆ.

"ಯಂತ್ರಕ್ಕೆ ಏನ ಆತು?" ಎಂದಳು ಅತ್ತೆ ತಕ್ಷಣ. "ನೀ ಏನ ಮುಚ್ಚುವೆ? ಈ ಕೂಸಿಗೆ ಏನ ಇದ್ದು? ಸರಿಯಾ ಹೇಳು."

"ಯಂತ್ರಕ್ಕೆ ಏನೂ ಆಗಿಲ್ಲೆ," ಎಂದೆ. ನಮ್ಮ ಬಡಗ ಮಾತಿನಲ್ಲೇ ಹೇಳಿದೆ. "ನಾ ಮೂರು ಸಲ ಅಳೆದೆ. ದೊಡ್ಡದ ಬರೆಯೋದು ಬಿಟ್ಟು ಸಣ್ಣದ ಬರೆದೆ. ತಪ್ಪು ನಂದು."

ಅದುವರೆಗೆ ನೆಲ ನೋಡುತ್ತಿದ್ದ ಸೊಸೆ ತಲೆ ಎತ್ತಿದಳು.

"ಏಕ ಸಣ್ಣದ ಬರೆದೆ?"

"ಹೆದರಿ," ಎಂದೆ. ಕಟ್ಟಬೆಟ್ಟುವಿನವಳ ಸಂಗತಿಯನ್ನು, ಯಾರೆಂದು ಹೇಳದೆ, ಎರಡು ಮಾತಿನಲ್ಲಿ ಹೇಳಿದೆ.

"ನೀ ಹೆದರಿದೆ," ಎಂದಳು ಸೊಸೆ. "ನಾವು ಒಂದೂವರೆ ತಿಂಗಳು ಹೆದರದೇ ಇದ್ದೊ. ಇನ್ನು ನಾವು ಹೆದರೋದಾ?"

ಮುಂದೇನು ಮಾಡಬಹುದೆಂದು ಹೇಳಿದೆ. ಸೂಜಿ ಬೇಕೆಂದಿಲ್ಲ, ತಾಯಿಯ ತೋಳಿನಿಂದಲೇ ರಕ್ತ ತೆಗೆದು ಮಾಡುವ ಪರೀಕ್ಷೆ ಈಗ ಇದೆ, ಅದರಲ್ಲಿ ಸಂದೇಹ ಉಳಿದರೆ ಮಾತ್ರ ಸೂಜಿಯ ಮಾತು. ಕೊಯಮತ್ತೂರಿನಲ್ಲಿ ಮಗುವಿನ ಹೃದಯವನ್ನು ಬೇರೆಯವರೊಬ್ಬರು ಸ್ಕ್ಯಾನ್ ಮಾಡಿ ನೋಡಬೇಕು. ಅತ್ತೆ ಕೇಳಿದ್ದು ಒಂದೇ: "ಅಲ್ಲಿ ಅಳೆಯೋದು ನೀ ಅಲ್ಲವಲ್ಲ?" ಅಲ್ಲ ಎಂದೆ. "ಹಂಗಾರೆ ಹೋಗುವೊ," ಎಂದು ಸೊಸೆಯ ಕೈ ಹಿಡಿದು ಎಬ್ಬಿಸಿದಳು. ಹಿರಿಯರಿಗೆ ಕೈ ಮುಗಿದಳು. ನನ್ನತ್ತ ತಿರುಗಲಿಲ್ಲ.

ರಕ್ತದ ಫಲಿತಾಂಶಕ್ಕೆ ಹತ್ತು ದಿನಕ್ಕೂ ಹೆಚ್ಚು ಹಿಡಿಯಿತು. ಆ ದಿನಗಳಲ್ಲಿ ನಾನು ಯಾವ ಅಂಕಿಯನ್ನೂ ನಂಬಲಿಲ್ಲ. ಮನೆಯಲ್ಲಿ ಅಕ್ಕಿ ಅಳೆದು ಹಾಕಿ ಮತ್ತೆ ತೆಗೆದು ಅಳೆಯುತ್ತಿದ್ದೆ. ನಿನಗೆ ಹುಚ್ಚಾ ಎಂದು ಅಮ್ಮ ಕೇಳಿದರು. ಫಲಿತಾಂಶ ಬಂತು, ಅಪಾಯ ಕಡಿಮೆ ಎಂದಿತ್ತು. ಕೊಯಮತ್ತೂರಿನವರು ಹೃದಯವೂ ಸರಿಯಿದೆ ಎಂದರು. ನಾನೇ ಫೋನ್ ಮಾಡಿ ತಿಳಿಸಿದೆ. ಸೊಸೆ ಪೂರ್ತಿ ಕೇಳಿಸಿಕೊಂಡು, "ಕಾಗದ ಕಳಿಸು, ಇನ್ನೊಬ್ಬರಿಗೆ ತೋರಿಸುವೊ," ಎಂದು ಇಟ್ಟುಬಿಟ್ಟಳು. ಉಳಿದ ತಿಂಗಳುಗಳಿಗೆ ಅವರು ಕೂನೂರಿಗೆ ಹೋದರು. ಮಗು ಚೆನ್ನಾಗಿ ಹುಟ್ಟಿತೆಂದು ನರ್ಸ್ ಅಕ್ಕನಿಗೆ ಯಾರಿಂದಲೋ ತಿಳಿದು, ಅವರಿಂದ ನನಗೆ ತಿಳಿಯಿತು.

ಎಲ್ಲ ಚೆನ್ನಾಗಿತ್ತಲ್ಲ, ಹಾಗಿದ್ದ ಮೇಲೆ ಸಣ್ಣದು ಬರೆದದ್ದರಲ್ಲಿ ಏನು ಹೋಯಿತು ಎಂದು ಮನಸ್ಸು ಆಗಾಗ ಮೆಲ್ಲಗೆ ಕೇಳುತ್ತದೆ. ಆ ಪ್ರಶ್ನೆಯನ್ನು ನಾನು ನಂಬುವುದಿಲ್ಲ. ಅದು ಮತ್ತೆ ಸಣ್ಣದನ್ನು ಆರಿಸಿದ ಆ ಕೈಯದೇ ಮಾತು.

ಸಂಸ್ಥೆಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ. ಮರುತರಬೇತಿಗೆ ಹೋಗಬೇಕೆಂದರು, ಹೋದೆ. ಅಲ್ಲಿಯವರೆಗೆ ನನ್ನ ಪ್ರತಿ ಅಳತೆಯನ್ನೂ ಹಿರಿಯ ಡಾಕ್ಟರು ನೋಡಿ ಸಹಿ ಹಾಕಿದರು. ಅರವಂಕಾಡಿನ ಅತ್ತೆ ಊರೂರಲ್ಲಿ ಹೇಳಿರಬೇಕು. ಹೊಸದಾಗಿ ಬರುವ ಹೆಂಗಸರು ಮಂಚದ ಮೇಲೆ ಮಲಗಿಕೊಂಡೇ "ಎಷ್ಟು ಸಲ ಅಳೆದೆ? ಮೂರನ್ನೂ ತೋರಿಸು," ಎನ್ನತೊಡಗಿದರು. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಈಗ ಪರದೆಯನ್ನು ಅವರತ್ತ ತಿರುಗಿಸಿ ಮೂರೂ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಯಾವುದನ್ನು ಬರೆಯುತ್ತಾರೆಂದು ಅವರು ನರ್ಸ್ ಅಕ್ಕನ ಕೈಯನ್ನೂ ನೋಡುತ್ತಾರೆ.

ಹಿರಿಯರ ಕಣ್ಣಿಗೆ ಪೊರೆ ಬಂದು ಅವರು ಬರುವುದು ನಿಂತಿತು. ಒಬ್ಬಳೇ ಅಳೆಯುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಗೂಡಲೂರಿನಲ್ಲಿ ಇದೇ ಕೆಲಸ ಮಾಡುವ ಮಲಯಾಳಿ ಡಾಕ್ಟರೊಬ್ಬಳಿದ್ದಾಳೆ. ಪ್ರತಿ ವಾರ ಹೆಸರು, ಅಂಕಿ ಏನೂ ಇಲ್ಲದ ಕೆಲವು ಚಿತ್ರಗಳನ್ನು ಅವಳು ನನಗೆ ಕಳಿಸುತ್ತಾಳೆ, ನಾನು ಅವಳಿಗೆ. ಇಬ್ಬರೂ ಅಳೆದು ಆಮೇಲೆ ಹೋಲಿಸುತ್ತೇವೆ. ಅವಳ ನಾಲಿಗೆ ಖಾರ, ದಾಕ್ಷಿಣ್ಯ ಇಲ್ಲ. ನಾನು ಏನಾದರೂ ಮುಚ್ಚಿಡುತ್ತೇನೆಂದೇ ಅವಳ ಎಣಿಕೆ, ಅವಳ ಬಗ್ಗೆ ನನ್ನದೂ ಅದೇ. ಕಳೆದ ವಾರ ನನ್ನ ನಾಲ್ಕು ಚಿತ್ರಗಳನ್ನು ಒಪ್ಪದೆ ವಾಪಸು ಕಳಿಸಿದಳು. ಮೂರರಲ್ಲಿ ಅವಳು ಹೇಳಿದ್ದೇ ಸರಿ. ತಿದ್ದಿದೆ, ಆ ಮೂವರನ್ನೂ ಕರೆಸಿ ಮತ್ತೆ ನೋಡಿದೆ. ನಾಲ್ಕನೆಯದರ ಬಗ್ಗೆ ಫೋನಿನಲ್ಲಿ ಇನ್ನೂ ಜಗಳ ನಡೆದಿದೆ.